ಹಳೆ ಕಾರಿನ ಟೈಮಿಂಗ್ ಬೆಲ್ಟ್ ಮನೆಯಲ್ಲೇ ಬದಲಾಯಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಕಾರಿನ ಕೆಲಸ ಸಾಕಷ್ಟು ಮಾಡಿ ಅಭ್ಯಾಸ ಇರುವವರೂ ಟೈಮಿಂಗ್ ಬೆಲ್ಟ್ ಅಂದರೆ ಸ್ವಲ್ಪ ಹಿಂದೇಟು ಹಾಕುತ್ತಾರೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನೂ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟನ್ನೂ ಹೊಂದಿಕೆ ತಪ್ಪದಂತೆ ಜೋಡಿಸುವ ಹಲ್ಲಿನ ಬೆಲ್ಟ್ ಇದು. ನಿಜ ಹೇಳಬೇಕೆಂದರೆ ಬೆಲ್ಟ್ ಕಳಚುವುದು, ಹಾಕುವುದು ಕೆಲವೇ ನಿಮಿಷದ ಮಾತು. ಮಿಕ್ಕ ಹೊತ್ತೆಲ್ಲ ಎರಡು ಕಡೆ ಹೋಗುತ್ತದೆ. ಒಂದು, ಬೆಲ್ಟ್ ಇರುವ ಜಾಗಕ್ಕೆ ಕೈ ಹೋಗುವ ಹಾಗೆ ಮಾಡಿಕೊಳ್ಳುವುದು. ಇನ್ನೊಂದು, ಇಂಜಿನ್ ತಿರುಗುತ್ತಾ ಈಗ ಯಾವ ಹಂತದಲ್ಲಿ ನಿಂತಿದೆ ಎಂದು ಗಟ್ಟಿ ಮಾಡಿಕೊಳ್ಳುವುದು. ಎಡವಟ್ಟೆಲ್ಲ ಆಗುವುದು ಈ ಎರಡನೆಯದರಲ್ಲೇ. ಹಳೆ ಕಾರಿನಲ್ಲಿ ಈ ಹಂತ ತೋರಿಸಲು ಫ್ಯಾಕ್ಟರಿ ಹಾಕಿದ ಗುರುತನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಮೂವತ್ತು ನಲವತ್ತು ವರ್ಷದಲ್ಲಿ ಎಷ್ಟು ಜನ ಕೈ ಹಾಕಿದ್ದಾರೋ, ಯಾವ ಭಾಗ ಎಲ್ಲಿಂದ ಬಂದು ಕೂತಿದೆಯೋ ಯಾರಿಗೆ ಗೊತ್ತು? ಹಾಗಾಗಿ ಈ ಬರಹದಲ್ಲಿ ಬೆಲ್ಟಿಗಿಂತ ಗುರುತಿನ ಮಾತೇ ಜಾಸ್ತಿ ಬರುತ್ತದೆ.

ಇಲ್ಲಿ ಹೇಳಿರುವುದು ಪೆಟ್ರೋಲ್ ಇಂಜಿನ್‌ಗೆ. ಡೀಸೆಲ್‌ನಲ್ಲಿ ಇಂಜೆಕ್ಷನ್ ಪಂಪನ್ನೂ ಬಹಳ ಸಲ ಇದೇ ಬೆಲ್ಟ್ ತಿರುಗಿಸುತ್ತದೆ. ಅದನ್ನು ಹೊಂದಿಸುವ ಕ್ರಮವೇ ಬೇರೆ.

ನಿಮ್ಮ ಕಾರಿಗೆ ಬೆಲ್ಟ್ ಇದೆಯಾ?

ಮೊದಲು ಇದನ್ನು ನೋಡಿಕೊಳ್ಳಿ. ಹಳೆ ಕಾರುಗಳಲ್ಲಿ ಬಹಳಷ್ಟಕ್ಕೆ ಚೈನ್ ಇರುತ್ತದೆ. ಹಳೆ ಮಿನಿಗೆ ಚೈನ್, ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಗೇರ್. ಹಲ್ಲಿನ ರಬ್ಬರ್ ಬೆಲ್ಟ್ ಮಾರುಕಟ್ಟೆಯ ಕಾರಿಗೆ ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ 1004 ಎಂಬ ಪುಟ್ಟ ಕಾರಿನ ಮೂಲಕ. 1966ರಲ್ಲಿ ಅಮೆರಿಕದ ಪಾಂಟಿಯಾಕ್ ತನ್ನ ಆರು ಸಿಲಿಂಡರ್ ಇಂಜಿನ್‌ಗೆ ಹಾಕಿತು. ಅದೇ ವರ್ಷ ಫಿಯಟ್ 124 ಸ್ಪೈಡರ್‌ನ ಟ್ವಿನ್ ಕ್ಯಾಮ್ (ಎರಡು ಕ್ಯಾಮ್ ಶಾಫ್ಟ್ ಇರುವ) ಇಂಜಿನ್ನೂ ಬೆಲ್ಟ್ ಹಾಕಿಕೊಂಡೇ ಬಂತು. ಎಪ್ಪತ್ತರ ದಶಕದ ಹೊತ್ತಿಗೆ ಫೋರ್ಡ್, ವೋಲ್ವೋ, ಫೋಕ್ಸ್‌ವ್ಯಾಗನ್ ಎಲ್ಲರೂ ಅದೇ ದಾರಿ ಹಿಡಿದರು. ಸದ್ದು ಕಮ್ಮಿ, ಎಣ್ಣೆ ಬೇಡ, ಖರ್ಚೂ ಕಮ್ಮಿ. ಇಂಜಿನ್ನಿನ ಮುಂಭಾಗದಲ್ಲಿ ಪ್ಲಾಸ್ಟಿಕ್ ಅಥವಾ ತೆಳು ತಗಡಿನ ಕವರ್ ಕಂಡರೆ ಒಳಗೆ ಬೆಲ್ಟ್ ಇರುವುದು ಹೆಚ್ಚು ಕಡಿಮೆ ಖಾತ್ರಿ. ಚೈನ್ ಎಣ್ಣೆಯಲ್ಲಿ ಓಡುವುದರಿಂದ ಅದರ ಕವರ್ ಗಟ್ಟಿಯಾಗಿ ಸೀಲ್ ಆಗಿರುತ್ತದೆ.

ಬೆಲ್ಟಿನ ಕೆಲಸ ಇಷ್ಟೇ: ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು ಸುತ್ತಬೇಕು. ಅದಕ್ಕೇ ಕ್ಯಾಮಿನ ಹಲ್ಲಿನ ಚಕ್ರದಲ್ಲಿ ಕ್ರ್ಯಾಂಕಿನ ಹಲ್ಲಿನ ಚಕ್ರದ ಎರಡರಷ್ಟು ಹಲ್ಲು ಇರುತ್ತದೆ. ಈ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ ಎನ್ನುವುದು ಇಂಜಿನ್ ಮೇಲೆ ನಿಂತಿದೆ. ವೋಲ್ವೋ ಬಿ21ರಂಥ ಇಂಜಿನ್‌ನಲ್ಲಿ ಬೆಲ್ಟ್ ಹರಿದರೆ ಕಾರು ನಿಲ್ಲುತ್ತದೆ, ಅಷ್ಟೇ. ಪೋರ್ಷೆ 944ರಲ್ಲಿ ಹಾಗಲ್ಲ. ಪಿಸ್ಟನ್ ಮೇಲೆ ಬರುವ ಜಾಗಕ್ಕೇ ವಾಲ್ವ್ ಕೆಳಗೆ ಇಳಿಯುತ್ತದೆ. ಎರಡೂ ಡಿಕ್ಕಿ ಹೊಡೆದು ವಾಲ್ವ್ ಬಾಗುತ್ತದೆ. ಇಂಥದ್ದನ್ನು ಇಂಟರ್‌ಫಿಯರೆನ್ಸ್ ಇಂಜಿನ್ ಎನ್ನುತ್ತಾರೆ. ನಿಮ್ಮದು ಯಾವ ಬಗೆ ಎಂದು ಗೊತ್ತಿಲ್ಲದಿದ್ದರೆ ಇಂಟರ್‌ಫಿಯರೆನ್ಸ್ ಎಂದೇ ತಿಳಿದು ಕೆಲಸ ಮಾಡಿ.

ಯಾವಾಗ ಬದಲಾಯಿಸಬೇಕು

ಹಳೆ ಕಾರು ಓಡುವುದೇ ಕಮ್ಮಿ. ಆದ್ದರಿಂದ ಕಿಲೋಮೀಟರ್ ಲೆಕ್ಕ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಸುಮ್ನೆ ನಿಂತಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ, ಒಂದೇ ಕಡೆ ಬಾಗಿ ನಿಂತ ಜಾಗದಲ್ಲಿ ಆಕಾರ ಹಿಡಿಯುತ್ತದೆ. ಐದು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯ ಅಭ್ಯಾಸ. ನಿಮ್ಮ ಮ್ಯಾನುಯಲ್ ಅದಕ್ಕಿಂತ ಬೇಗ ಎಂದರೆ ಅದೇ ಸರಿ. ಈಗಷ್ಟೇ ಕೊಂಡ ಕಾರು, ಬೆಲ್ಟ್ ಯಾವಾಗ ಹಾಕಿದ್ದು ಎಂದು ಕಾಗದ ಪತ್ರ ಇಲ್ಲ ಅಂದರೆ ಓಡಿಸುವ ಮೊದಲೇ ಬದಲಾಯಿಸಿ. ಮಾರುವವರು ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ತಂದಿಟ್ಟುಕೊಳ್ಳಬೇಕಾದದ್ದು

ಬೆಲ್ಟ್ ಒಂದನ್ನೇ ತರಬೇಡಿ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಬೇರಿಂಗ್, ಕ್ರ್ಯಾಂಕ್ ಮತ್ತು ಕ್ಯಾಮ್ ಆಯಿಲ್ ಸೀಲ್, ಇದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದು, ಎಲ್ಲವನ್ನೂ ಒಟ್ಟಿಗೇ ತನ್ನಿ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಮತ್ತೆ ಇಷ್ಟೆಲ್ಲ ಬಿಚ್ಚಬೇಕು.

ಹಳೆ ಕಾರಿನ ಬಿಡಿಭಾಗದಲ್ಲಿ ಒಂದು ಮೋಸ ಇದೆ. ಡಬ್ಬಿ ಒಡೆಯದ, ಹೊಚ್ಚ ಹೊಸ, ಕಂಪನಿಯದೇ ಬೆಲ್ಟ್ ಸಿಕ್ಕಿತು ಎಂದು ಹಿಗ್ಗುತ್ತೇವೆ. ಆದರೆ ಅದು ಗೋಡೌನ್‌ನಲ್ಲಿ ಇಪ್ಪತ್ತು ವರ್ಷ ಕೂತದ್ದಾಗಿರಬಹುದು. ಅಂಥದ್ದು ಬೇಡ. ಹೆಸರಾಂತ ಬೆಲ್ಟ್ ತಯಾರಕರು ಈಚೆಗೆ ಮಾಡಿದ್ದನ್ನೇ ಕೊಳ್ಳಿ.

ಉಪಕರಣದಲ್ಲಿ ಸಾಕೆಟ್ ಸೆಟ್, ಸ್ಪ್ಯಾನರ್‌ಗಳು, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ಪುಲಿ ಎಳೆಯುವ ಪುಲ್ಲರ್, ಬಿಳಿ ಪೇಂಟ್ ಪೆನ್, ಒಳ್ಳೆ ಟಾರ್ಚ್ ಸಾಕು. ಕಾರನ್ನು ಎತ್ತಬೇಕಾದರೆ ಆಕ್ಸಲ್ ಸ್ಟ್ಯಾಂಡ್ ಕಡ್ಡಾಯ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಇವೆಲ್ಲಕ್ಕಿಂತ ಮುಖ್ಯ ನಿಮ್ಮ ಇಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್. ಟಾರ್ಕ್ ಅಂಕಿಗಳನ್ನು (ಬೋಲ್ಟ್ ಎಷ್ಟು ಬಿಗಿಯಬೇಕು ಎಂಬ ಲೆಕ್ಕ) ನಾನು ಇಲ್ಲಿ ಕೊಡುವುದಿಲ್ಲ. ಅವು ಒಂದೊಂದು ಇಂಜಿನ್‌ಗೆ ಒಂದೊಂದು.

ದಾರಿ ಮಾಡಿಕೊಳ್ಳುವುದು

ಇಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ರೇಡಿಯೇಟರ್ ಅಡ್ಡ ಬಂದರೆ ಕೂಲೆಂಟ್ ಇಳಿಸಿ ತೆಗೆಯಿರಿ. ಕೂಲೆಂಟ್ ಸಿಹಿಯಾಗಿರುವುದರಿಂದ ನಾಯಿ ಬೆಕ್ಕು ನೆಕ್ಕುತ್ತವೆ, ಅವಕ್ಕೆ ಅದು ವಿಷ. ತೆರೆದ ಪಾತ್ರೆಯಲ್ಲಿ ಬಿಡಬೇಡಿ. ಆಮೇಲೆ ಫ್ಯಾನ್, ಆಲ್ಟರ್ನೇಟರ್ ಬೆಲ್ಟ್, ಮೇಲಿನ ಕವರ್. ಕವರಿನ ಬೋಲ್ಟ್‌ಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿತ್ತೋ ಅಲ್ಲೇ ಚುಚ್ಚಿಡಿ. ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಸ್ಪಾರ್ಕ್ ಪ್ಲಗ್‌ಗಳನ್ನು ಎಲ್ಲಾ ಬಿಚ್ಚಿ. ಆಗ ಇಂಜಿನ್ ಕೈಯಲ್ಲಿ ಹಗುರಾಗಿ ತಿರುಗುತ್ತದೆ, ಎಲ್ಲಾದರೂ ತಡೆದರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಪ್ಲಗ್ ತೂತಿನ ಸುತ್ತ ಇರುವ ಮಣ್ಣನ್ನು ಮೊದಲು ಊದಿ ತೆಗೆಯುವುದು ಮರೆಯಬೇಡಿ.

ಕ್ರ್ಯಾಂಕ್ ಪುಲಿಯ ಬೋಲ್ಟ್

ಕ್ರ್ಯಾಂಕಿನ ತುದಿಯಲ್ಲಿರುವ ಹೊರಗಿನ ಪುಲಿಯನ್ನು ಹಿಡಿದಿಡುವ ಬೋಲ್ಟ್ ಇದು. ಇಡೀ ಕೆಲಸದಲ್ಲಿ ಅತಿ ಹಟಮಾರಿ ಇದೇ. ವರ್ಷಾನುಗಟ್ಟಲೆ ಕಚ್ಚಿಕೊಂಡು ಕೂತಿರುತ್ತದೆ, ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಇದನ್ನು ಗುರುತು ಹೊಂದಿಸುವ ಮೊದಲೇ ಸಡಿಲ ಮಾಡಿಕೊಳ್ಳಿ. ಗುರುತು ಹೊಂದಿಸಿದ ಮೇಲೆ ಜಗ್ಗಾಡಿದರೆ ಕ್ರ್ಯಾಂಕ್ ಜರುಗಿ ಎಲ್ಲಾ ಮತ್ತೆ ಮೊದಲಿಂದ.

ಒಳ್ಳೆಯ ದಾರಿ ಎಂದರೆ ಫ್ಲೈವ್ಹೀಲ್ (ಕ್ರ್ಯಾಂಕಿನ ಇನ್ನೊಂದು ತುದಿಯ ದೊಡ್ಡ ಚಕ್ರ) ಹಲ್ಲಿಗೆ ಸಿಗುವ ಲಾಕಿಂಗ್ ಟೂಲ್. ಅದಿಲ್ಲದಿದ್ದರೆ, ಮ್ಯಾನುಯಲ್ ಗೇರಿನ ಕಾರಾದರೆ ಟಾಪ್ ಗೇರಿಗೆ ಹಾಕಿ, ಇನ್ನೊಬ್ಬರು ಬ್ರೇಕ್ ಬಲವಾಗಿ ಒತ್ತಿ ಹಿಡಿಯಲಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬ್ರೇಕರ್ ಬಾರ್‌ಗೆ ಪೈಪ್ ಸೇರಿಸಿ ಉದ್ದ ಮಾಡಿಕೊಳ್ಳಿ. ಜರ್ಕ್ ಹೊಡೆಯದೆ ಒಂದೇ ಸಮ ಒತ್ತಡ ಕೊಡಿ. ಬೋಲ್ಟ್ ಬಿಟ್ಟ ಕ್ಷಣ "ಟಕ್" ಎಂದು ಸದ್ದಾಗುತ್ತದೆ. ಬ್ರೇಕರ್ ಬಾರನ್ನು ನೆಲಕ್ಕೆ ತಾಗಿಸಿಟ್ಟು ಸ್ಟಾರ್ಟರ್ ಮೋಟರ್ ಒಮ್ಮೆ ತಿರುಗಿಸಿ ಬೋಲ್ಟ್ ಬಿಡಿಸುವ ಉಪಾಯ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಾರ್ ಜಾರಿದರೆ ರೇಡಿಯೇಟರ್ ಹೋಗುತ್ತದೆ, ಇಲ್ಲವೇ ಹತ್ತಿರ ನಿಂತವರ ಕಾಲು. ಹಳೇ ಬೆಲ್ಟ್ ಹಲ್ಲು ಹಾರಿದರಂತೂ ಗುರುತಿನ ಕಥೆ ಮುಗಿಯಿತು.

ಬೋಲ್ಟ್ ಸಡಿಲವಾದ ಮೇಲೆ ತೆಗೆಯಬೇಡಿ. ಇಂಜಿನ್ ತಿರುಗಿಸಲು ಅದು ಬೇಕು. ಕೈಯಲ್ಲಿ ಮತ್ತೆ ಹದವಾಗಿ ಬಿಗಿ ಮಾಡಿ ಬಿಡಿ.

ಟಿಡಿಸಿ: ಗುರುತನ್ನು ನಂಬುವ ಮೊದಲು

1ನೇ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬಂದಿರಬೇಕು (ಇದೇ ಟಿಡಿಸಿ, ಅಂದರೆ ಟಾಪ್ ಡೆಡ್ ಸೆಂಟರ್), ಅದೂ ಕಂಪ್ರೆಷನ್ ಸ್ಟ್ರೋಕಿನಲ್ಲಿ, ಅಂದರೆ ವಾಲ್ವ್‌ಗಳು ಮುಚ್ಚಿ ಪಿಸ್ಟನ್ ಗಾಳಿಯನ್ನು ಒತ್ತುತ್ತಾ ಮೇಲೇರುವ ಸುತ್ತಿನಲ್ಲಿ. ಕೆಲವು ಇಂಜಿನ್‌ಗಳಲ್ಲಿ ಬೆಲ್ಟಿನ ಗುರುತುಗಳು ಕೂಡುವುದು 4ನೇ ಸಿಲಿಂಡರಿನ ಕಂಪ್ರೆಷನ್‌ನಲ್ಲಿ. ಮ್ಯಾನುಯಲ್ ನೋಡಿ.

ತಿರುಗಿಸುವುದು ಕ್ರ್ಯಾಂಕ್ ಬೋಲ್ಟಿನಿಂದ ಮಾತ್ರ, ಅದೂ ಇಂಜಿನ್ ಓಡುವ ದಿಕ್ಕಿನಲ್ಲಿ ಮಾತ್ರ. ಪುಲಿಯ ಎದುರು ನಿಂತು ನೋಡಿದರೆ ಬಹುತೇಕ ಇಂಜಿನ್‌ಗಳು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತವೆ. ಹಳೆ ಹೋಂಡಾಗಳಲ್ಲಿ ಬಹಳಷ್ಟು ಉಲ್ಟಾ. ಕ್ಯಾಮ್ ಬೋಲ್ಟ್ ಹಿಡಿದು ತಿರುಗಿಸಿದರೆ ಬೆಲ್ಟಿನ ಮೇಲೆ ಅತಿಯಾದ ಎಳೆತ ಬೀಳುತ್ತದೆ, ಬೇಡ.

1ನೇ ಪ್ಲಗ್ ತೂತಿಗೆ ಬೆರಳು ಒತ್ತಿಟ್ಟು ನಿಧಾನ ತಿರುಗಿಸಿ. ಗಾಳಿ ಬೆರಳನ್ನು ತಳ್ಳಲು ಶುರು ಮಾಡಿದರೆ ಕಂಪ್ರೆಷನ್ ಬಂತು ಎಂದು ಅರ್ಥ. ಅಲ್ಲಿಂದ ಮುಂದೆ ಪುಲಿಯ ಗುರುತು ನೋಡುತ್ತಾ ಹೋಗಿ. ಗುರುತು ಕವರಿನ ಸೂಚಕದ ಸೊನ್ನೆಗೆ ಬಂದು ನಿಂತಿತು. ಸರಿ, ಈಗ ಅದು ನಿಜವೋ ಸುಳ್ಳೋ?

ಸುಳ್ಳಾಗಲು ಕಾರಣಗಳಿವೆ. ಕೆಲವು ಪುಲಿಗಳು ಎರಡು ಲೋಹದ ಬಳೆಗಳ ನಡುವೆ ರಬ್ಬರ್ ಹಾಕಿ ಮಾಡಿದವು. ರಬ್ಬರ್ ಮುಪ್ಪಾದಾಗ ಹೊರಗಿನ ಬಳೆ ಜಾರುತ್ತದೆ, ಗುರುತೂ ಅದರ ಜೊತೆ ಜಾರುತ್ತದೆ. ಪುಲಿಯನ್ನು ಕ್ರ್ಯಾಂಕಿಗೆ ಕಟ್ಟಿಹಾಕುವ ಸಣ್ಣ ಕೀ ಸವೆದಿರಬಹುದು. ಬೇರೆ ಇಂಜಿನ್ನಿನ ಪುಲಿಯನ್ನೇ ಯಾರೋ ಹಾಕಿರಬಹುದು.

ಅದಕ್ಕೇ ಪಿಸ್ಟನ್ನನ್ನೇ ಕೇಳಬೇಕು. ಉದ್ದನೆಯ ಪ್ಲಾಸ್ಟಿಕ್ ಕೊಳವೆಯನ್ನೋ ಮೆತ್ತನೆ ಮರದ ಕಡ್ಡಿಯನ್ನೋ ಪ್ಲಗ್ ತೂತಿನಲ್ಲಿ ಇಳಿಸಿ, ಪಿಸ್ಟನ್ ತಲೆಯ ಮೇಲೆ ಕೂರಲಿ. ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ತೂತು ಓರೆಯಾಗಿದ್ದರೆ ಸಿಕ್ಕಿಹಾಕಿಕೊಂಡು ಮುರಿಯುತ್ತದೆ, ಪಿಸ್ಟನ್ ಗೀಚುತ್ತದೆ. ಈಗ ಇಂಜಿನ್ ತಿರುಗಿಸಿದರೆ ಕಡ್ಡಿ ಮೇಲೆ ಬರುತ್ತದೆ, ತುದಿಯಲ್ಲಿ ಸ್ವಲ್ಪ ಹೊತ್ತು ನಿಂತ ಹಾಗೆ ಅನಿಸುತ್ತದೆ, ಆಮೇಲೆ ಇಳಿಯುತ್ತದೆ. ಆ ನಿಂತ ಹಾಗೆ ಅನಿಸುವ ಹೊತ್ತಿನಲ್ಲಿ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿಬಿಟ್ಟಿರುತ್ತದೆ. ಹಾಗಾಗಿ ಕಣ್ಣಂದಾಜಿನಲ್ಲಿ ತುದಿ ಹುಡುಕುವುದು ಆಗದ ಮಾತು.

ಹೀಗೆ ಮಾಡಿ. ಕಡ್ಡಿ ಮೇಲೇರುತ್ತಾ ತುದಿಗೆ ಇನ್ನೂ ಒಂದು ಸೆಂಟಿಮೀಟರಿನಷ್ಟು ಇರುವಾಗ ನಿಲ್ಲಿಸಿ. ತೂತಿನ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಒಂದು ಗೆರೆ ಹಾಕಿ. ಕವರಿನ ಸೂಚಕದ ಎದುರು ಪುಲಿಯ ಮೇಲೂ ಪೇಂಟಿನಿಂದ ಒಂದು ಗೆರೆ. ಹಿಂದೆ ತಿರುಗಿಸದೆ ಮುಂದಕ್ಕೇ ಹೋಗಿ. ಕಡ್ಡಿ ತುದಿ ಮುಟ್ಟಿ, ಇಳಿದು, ಅದೇ ಗೆರೆ ಮತ್ತೆ ತೂತಿನ ಅಂಚಿಗೆ ಬಂದಾಗ ನಿಲ್ಲಿಸಿ. ಪುಲಿಯ ಮೇಲೆ ಸೂಚಕದ ಎದುರು ಇನ್ನೊಂದು ಗೆರೆ. ಈ ಎರಡು ಪೇಂಟ್ ಗೆರೆಗಳ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಫ್ಯಾಕ್ಟರಿ ಗುರುತು ಅಲ್ಲೇ ಇದ್ದರೆ ನಿಮ್ಮ ಪುಲಿ ಸಾಚಾ. ಇಲ್ಲದಿದ್ದರೆ ಇನ್ನು ಮೇಲೆ ನಿಮ್ಮ ಗೆರೆಯೇ ಗುರುತು. ಕಡ್ಡಿ ಹೊರಗೆ ತೆಗೆದು, ಮತ್ತೆ ಎರಡು ಸುತ್ತು ತಿರುಗಿಸಿ ಅಲ್ಲಿಗೆ ತಂದು ನಿಲ್ಲಿಸಿ.

ಈಗ ಮೂರು ಕಡೆ ತಾಳೆ ನೋಡಿ. ಕ್ಯಾಮ್ ಚಕ್ರದ ಗುರುತು ತನ್ನ ಜಾಗದಲ್ಲಿದೆಯಾ? ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ತಿರುಗುವ ರೋಟರ್ 1ನೇ ಸಿಲಿಂಡರಿನ ವೈರ್ ಕಡೆ ಮುಖ ಮಾಡಿದೆಯಾ? ವಾಲ್ವ್ ಕವರ್ ಬಿಚ್ಚುವುದು ಸುಲಭವಿದ್ದರೆ ಬಿಚ್ಚಿ ನೋಡಿ, 1ನೇ ಸಿಲಿಂಡರಿನ ಎರಡು ವಾಲ್ವೂ ಮುಚ್ಚಿರಬೇಕು. ಮೂರೂ ಹೌದು ಅಂದರೆ ಮುಂದುವರಿಯಿರಿ.

ಕ್ಯಾಮ್ ಗುರುತು ಅರ್ಧ ಹಲ್ಲಿನಷ್ಟು ಆಚೀಚೆ ಇದ್ದರೆ ಗಾಬರಿ ಬೇಡ. ಸಿಲಿಂಡರ್ ಹೆಡ್ಡನ್ನು ಹಿಂದೆ ಯಾವಾಗಲೋ ಉಜ್ಜಿ ಸಮ ಮಾಡಿಸಿದ್ದರೆ ಕ್ಯಾಮ್ ಕ್ರ್ಯಾಂಕಿಗೆ ಅಷ್ಟು ಹತ್ತಿರ ಬಂದಿರುತ್ತದೆ. ಆಗ ಕ್ಯಾಮ್ ಕೊಂಚ ಹಿಂದೆ ಬೀಳುತ್ತದೆ. ಪೂರ್ತಿ ಒಂದು ಹಲ್ಲು ತಪ್ಪಿದ್ದರೆ ಅದು ಬೇರೆ ವಿಷಯ. ಕ್ರ್ಯಾಂಕಿನ ಹಲ್ಲಿನ ಚಕ್ರಕ್ಕೆ 20 ಹಲ್ಲು ಇದ್ದರೆ ಒಂದು ಹಲ್ಲಿನ ತಪ್ಪು ಅಂದರೆ ಕ್ರ್ಯಾಂಕಿನಲ್ಲಿ 18 ಡಿಗ್ರಿ ತಪ್ಪು. ಇಂಜಿನ್ ಓಡೀತು, ಆದರೆ ಏದುಸಿರು ಬಿಡುತ್ತದೆ.

ಹಳೇ ಬೆಲ್ಟ್ ತೆಗೆಯುವುದು

ಪುಲಿ ಮತ್ತು ಕೆಳಗಿನ ಕವರ್ ಈಗ ಹೊರಗೆ ಬರಲಿ. ಆಗ ಒಳಗಿನ ಹಲ್ಲಿನ ಚಕ್ರ ಕಾಣುತ್ತದೆ. ಅದಕ್ಕೂ ಇಂಜಿನ್ ಬ್ಲಾಕಿಗೂ ಸೇರಿಸಿ ಪೇಂಟ್ ಗೆರೆ ಹಾಕಿ. ಕ್ಯಾಮ್‌ಗೂ ಹಾಗೇ. ಆಮೇಲೆ ಹಳೇ ಬೆಲ್ಟಿನ ಮೇಲೂ ಆ ಗೆರೆಗಳನ್ನು ಮುಂದುವರಿಸಿ, ತಿರುಗುವ ದಿಕ್ಕಿಗೆ ಬಾಣ ಬರೆಯಿರಿ.

ನಡುವೆ ಇನ್ನೊಂದು ಚಕ್ರ ಕಾಣುತ್ತಿದೆಯಾ? ಅದು ಸಹಾಯಕ ಶಾಫ್ಟ್. ಫೋಕ್ಸ್‌ವ್ಯಾಗನ್ ಗಾಲ್ಫ್, ವೋಲ್ವೋ 240ರಂಥ ಕಾರುಗಳಲ್ಲಿ ಇದು ಆಯಿಲ್ ಪಂಪನ್ನೂ ಡಿಸ್ಟ್ರಿಬ್ಯೂಟರನ್ನೂ ತಿರುಗಿಸುತ್ತದೆ. "ಇದು ಕ್ಯಾಮ್ ಅಲ್ವಲ್ಲ" ಎಂದು ಇದನ್ನು ಕಡೆಗಣಿಸುವವರು ಜಾಸ್ತಿ. ಇದು ಜರುಗಿದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹೋಗುತ್ತದೆ. ಕೆಲವು ಫಿಯಟ್ ಟ್ವಿನ್ ಕ್ಯಾಮ್ ಇಂಜಿನ್‌ಗಳಲ್ಲಿ ಇನ್ನೂ ಅಪಾಯ: ಈ ಶಾಫ್ಟಿನ ಮೇಲಿರುವ ಪೆಟ್ರೋಲ್ ಪಂಪಿನ ಉಬ್ಬು ಕನೆಕ್ಟಿಂಗ್ ರಾಡಿಗೆ ಬಡಿಯಬಹುದು. ಇದಕ್ಕೂ ಗೆರೆ ಹಾಕಿ.

ಟೆನ್ಷನರ್ ಸಡಿಲಿಸಿ, ಬೆಲ್ಟನ್ನು ನಿಧಾನಕ್ಕೆ ಜಾರಿಸಿ ತೆಗೆಯಿರಿ. ಟ್ವಿನ್ ಕ್ಯಾಮ್ ಆದರೆ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ತಟ್ಟನೆ ಜಿಗಿಯುತ್ತದೆ. ಕ್ಯಾಮ್ ಲಾಕ್ ಹಾಕಿಯೇ ತೆಗೆಯಿರಿ. ಬೆಲ್ಟ್ ಇಲ್ಲದಿರುವಾಗ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ತಿರುಗಿಸಬೇಡಿ.

ಹಳೇ ಬೆಲ್ಟನ್ನು ಮೂಲೆಗೆ ಎಸೆಯುವ ಮೊದಲು ಒಮ್ಮೆ ಬಾಗಿಸಿ ಬೆಳಕಿಗೆ ಹಿಡಿಯಿರಿ. ಹಲ್ಲಿನ ಬುಡದಲ್ಲಿ ಬಿರುಕಿದ್ದರೆ ವಯಸ್ಸಾಗಿದೆ. ಒಂದೇ ಅಂಚು ಮಾತ್ರ ಸವೆದು ನೂಲು ಎದ್ದಿದ್ದರೆ ಚಕ್ರವೋ ಟೆನ್ಷನರೋ ಓರೆಯಾಗಿದೆ, ಅದನ್ನು ಸರಿ ಮಾಡದೆ ಹೊಸದು ಹಾಕಿ ಪ್ರಯೋಜನವಿಲ್ಲ. ಮೆತ್ತಗಾಗಿ ಉಬ್ಬಿ ಅಂಟಂಟಾಗಿದ್ದರೆ ಎಣ್ಣೆ ಕುಡಿದಿದೆ. ಯಾವ ಸೀಲ್ ಸೋರುತ್ತಿದೆ ಎಂದು ಹುಡುಕಿ.

ಸೀಲ್ ಬದಲಾಯಿಸುವಾಗ ಹಳೇದನ್ನು ಕೀಳಲು ಹೋಗಿ ಶಾಫ್ಟಿಗೆ ಗೀರು ಮಾಡಬೇಡಿ. ಆ ಗೀರಿನಲ್ಲೇ ನಾಳೆ ಎಣ್ಣೆ ಸೋರುತ್ತದೆ. ಹೊಸದರ ತುಟಿಗೆ ಎಣ್ಣೆ ಸವರಿ, ಸರಿಯಾದ ಅಳತೆಯ ಸಾಕೆಟ್ ಇಟ್ಟು ನೇರವಾಗಿ ತಟ್ಟಿ ಕೂರಿಸಿ. ಶಾಫ್ಟಿನ ಮೇಲೆ ಹಳೇ ಸೀಲ್ ಸವೆಸಿದ ಗೆರೆ ಕಂಡರೆ ಹೊಸದನ್ನು ಒಂದು ಮಿಲಿಮೀಟರಿನಷ್ಟು ಆಚೆ ಕೂರಿಸುವುದು ಜಾಣತನ, ಜಾಗವಿದ್ದರೆ. ಚಕ್ರದ ಹಲ್ಲುಗಳ ನಡುವಿನ ಎಣ್ಣೆ, ಕೊಳೆ ಪೂರ್ತಿ ಒರೆಸಿ ತೆಗೆಯಿರಿ.

ಹೊಸ ಬೆಲ್ಟ್ ಕೂರಿಸುವುದು

ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಇಡಿ. ಹಲ್ಲು ಎಣಿಸಿ. ಅಗಲ ನೋಡಿ. ಹಲ್ಲಿನ ಆಕಾರವನ್ನೂ ನೋಡಿ: ಹಳೆ ಕಾಲದ ಬೆಲ್ಟುಗಳಿಗೆ ಚಪ್ಪಟೆ ತುದಿಯ ಹಲ್ಲು, ಆಮೇಲಿನವಕ್ಕೆ ದುಂಡನೆ ಹಲ್ಲು. ಒಂದರ ಚಕ್ರಕ್ಕೆ ಇನ್ನೊಂದು ಆಗುವುದಿಲ್ಲ. ಎಲ್ಲಾ ಸರಿಯಿದ್ದರೆ ಹಳೇ ಬೆಲ್ಟಿನ ಗೆರೆಗಳ ನಡುವೆ ಎಷ್ಟು ಹಲ್ಲಿವೆ ಎಣಿಸಿ, ಹೊಸದರ ಮೇಲೂ ಅಷ್ಟಕ್ಕೇ ಗೆರೆ ಹಾಕಿ. ಹೊಸ ಬೆಲ್ಟನ್ನು ಮಡಚಬೇಡಿ, ಒಳಹೊರಗು ಮಾಡಬೇಡಿ, ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ. ಒಳಗಿನ ಗಾಜಿನ ನಾರು ಮುರಿದರೆ ಹೊರಗೆ ಏನೂ ಕಾಣುವುದಿಲ್ಲ.

ಕೂರಿಸುವುದನ್ನು ಕ್ರ್ಯಾಂಕಿನಿಂದ ಶುರು ಮಾಡಿ. ಅಲ್ಲಿಂದ ಟೆನ್ಷನರ್ ಇಲ್ಲದ ಕಡೆಯಿಂದ ಮೇಲೆ ಹೋಗಿ, ಸಹಾಯಕ ಶಾಫ್ಟ್ ಆ ಕಡೆ ಇದ್ದರೆ ಅದನ್ನು ಹಾದು, ಕ್ಯಾಮ್‌ಗೆ. ಈ ಭಾಗ ಬಿಗಿಯಾಗಿರಬೇಕು, ಒಂಚೂರೂ ಸಡಿಲ ಇರಬಾರದು. ಇರುವ ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಬೇಕು. ಕೊನೆಗೆ ಟೆನ್ಷನರ್ ಮೇಲೆ ಹಾಯಿಸಿ. ಬಿಗಿ ಭಾಗದಲ್ಲಿ ಸಡಿಲ ಉಳಿದರೆ, ಟೆನ್ಷನರ್ ಒತ್ತಿದ ಕೂಡಲೇ ಗುರುತು ಜರುಗುತ್ತದೆ. ಒಂದು ಹಲ್ಲು ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಟೆನ್ಷನ್

ಸ್ಪ್ರಿಂಗ್ ಇರುವ ಟೆನ್ಷನರ್ ಆದರೆ ಸ್ಪ್ರಿಂಗಿಗೇ ಕೆಲಸ ಬಿಡಿ. ನಟ್ ಸಡಿಲ ಇಟ್ಟು, ಕ್ರ್ಯಾಂಕನ್ನು ಮ್ಯಾನುಯಲ್ ಹೇಳಿದಷ್ಟು ನಿಧಾನ ತಿರುಗಿಸಿ, ಆಮೇಲೆ ನಟ್ ಬಿಗಿ ಮಾಡಿ. ಕೈಯಿಂದ ಇನ್ನಷ್ಟು ಒತ್ತಿ "ಸ್ವಲ್ಪ ಗಟ್ಟಿ ಇರಲಿ" ಎನ್ನುವುದು ಬೇಡ. ಕೈಯಿಂದಲೇ ಹೊಂದಿಸುವ ಬಗೆಯಲ್ಲಿ ಮ್ಯಾನುಯಲ್ ಒಂದು ಪರೀಕ್ಷೆ ಹೇಳಿರುತ್ತದೆ. ಮೊದಲ ಪೀಳಿಗೆಯ ಗಾಲ್ಫ್‌ನಲ್ಲಿ, ಕ್ಯಾಮ್ ಮತ್ತು ಸಹಾಯಕ ಶಾಫ್ಟಿನ ನಡುವೆ ಬೆಲ್ಟನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಚಿದರೆ 90 ಡಿಗ್ರಿ ಮಾತ್ರ ತಿರುಗಬೇಕು. ಇದು ಎಲ್ಲಾ ಇಂಜಿನ್‌ಗೂ ಒಪ್ಪುವ ನಿಯಮವಲ್ಲ. ಪೋರ್ಷೆ 944ರ ಬೆಲ್ಟಿಗೆ ಅಳತೆಯ ಉಪಕರಣವೇ ಬೇಕು.

ಬಿಗಿ ಜಾಸ್ತಿಯಾದರೆ ಬೇರಿಂಗ್ ಬೇಗ ಹೋಗುತ್ತದೆ, ಕಮ್ಮಿಯಾದರೆ ಹಲ್ಲು ಹಾರುತ್ತದೆ.

ಎರಡು ಸುತ್ತು

ಕ್ರ್ಯಾಂಕ್ ಬೋಲ್ಟ್ ತಾತ್ಕಾಲಿಕವಾಗಿ ಹಾಕಿ, ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಬೆರಳ ತುದಿಯಲ್ಲಿ ಗಮನ ಇರಲಿ. ಪ್ಲಗ್ ಇಲ್ಲದ ಇಂಜಿನ್ ಒಂದೇ ಸಮ ತಿರುಗಬೇಕು. ವಾಲ್ವ್ ಸ್ಪ್ರಿಂಗಿನ ಮೆತ್ತನೆಯ ತಡೆ ಇರುತ್ತದೆ, ಅದು ಬಂದು ಹೋಗುತ್ತದೆ. ಲೋಹಕ್ಕೆ ಲೋಹ ತಾಗಿದ ಗಟ್ಟಿ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ. ಬಲ ಹಾಕಬೇಡಿ. ಬೆಲ್ಟ್ ತೆಗೆದು ಮತ್ತೆ ಹೊಂದಿಸಿ.

ಎರಡು ಸುತ್ತಾದ ಮೇಲೆ ಚಕ್ರದ ಗೆರೆಗಳು, ಬ್ಲಾಕಿನ ಗೆರೆಗಳು ಕೂಡಬೇಕು. ಬೆಲ್ಟಿನ ಮೇಲಿನ ಗೆರೆ ಮಾತ್ರ ಎಲ್ಲೋ ಹೋಗಿರುತ್ತದೆ. ಬೆಲ್ಟಿನ ಹಲ್ಲಿನ ಸಂಖ್ಯೆಗೂ ಚಕ್ರದ ಸುತ್ತಿಗೂ ಲೆಕ್ಕ ಕೂಡಬೇಕೆಂದಿಲ್ಲ, ಹಾಗಾಗಿ ಅದು ಸಹಜ. ಮೊದಲ ಸಲ ಮಾಡುವವರು ಇದನ್ನು ನೋಡಿ ಹೆದರುತ್ತಾರೆ. ಟೆನ್ಷನ್ ಇನ್ನೊಮ್ಮೆ ನೋಡಿ, ಮತ್ತೆ ಎರಡು ಸುತ್ತು ತಿರುಗಿಸಿ.

ಜೋಡಣೆ, ಸ್ಟಾರ್ಟ್

ಬಿಚ್ಚಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಜೋಡಿಸಿ. ಕ್ರ್ಯಾಂಕ್ ಬೋಲ್ಟ್ ಟಾರ್ಕ್ ರೆಂಚಿನಿಂದಲೇ, ಮ್ಯಾನುಯಲ್ ಹೊಸ ಬೋಲ್ಟ್ ಹಾಕಿ ಎಂದರೆ ಹೊಸದೇ ಹಾಕಿ. ಇದು ಸಡಿಲ ಉಳಿದರೆ ಕೀ ಕತ್ತರಿಸಿ, ಕ್ರ್ಯಾಂಕಿನ ಮೂತಿಯೇ ಹಾಳಾಗುತ್ತದೆ. ಕೂಲೆಂಟ್ ತುಂಬಿ. ಬ್ಯಾಟರಿ ಕನೆಕ್ಟ್ ಮಾಡಿ. ಕಿಡಿಗೆ ವಿದ್ಯುತ್ ಕೊಡುವ ಕಾಯಿಲಿನ ತಂತಿ ಬಿಚ್ಚಿಟ್ಟು ಸ್ಟಾರ್ಟರ್ ಕೆಲವು ಸೆಕೆಂಡ್ ತಿರುಗಿಸಿ, ಕಿವಿಗೊಟ್ಟು ಕೇಳಿ. ಒಂದೇ ಲಯದಲ್ಲಿ ತಿರುಗಿದರೆ ಪ್ಲಗ್ ಹಾಕಿ, ಕಾಯಿಲ್ ಸೇರಿಸಿ, ಸ್ಟಾರ್ಟ್ ಮಾಡಿ. "ಕುಂಯ್" ಎಂದು ಸಣ್ಣಗೆ ಕಿರುಚುವ ಸದ್ದು ಇಂಜಿನ್ ವೇಗದ ಜೊತೆ ಏರಿದರೆ ಬೆಲ್ಟ್ ಅತಿ ಬಿಗಿ. ಕವರಿಗೆ ಪಟಪಟ ಬಡಿದರೆ ಸಡಿಲ. ಎರಡರಲ್ಲಿ ಯಾವುದೇ ಆದರೂ ತಕ್ಷಣ ಆಫ್ ಮಾಡಿ.

ಇಂಜಿನ್ ಬಿಸಿಯಾದ ಮೇಲೆ ಸ್ಟ್ರೋಬ್ ಲೈಟಿನಿಂದ ಇಗ್ನಿಷನ್ ಟೈಮಿಂಗ್ ನೋಡಿ. ಬೆಲ್ಟ್ ಬದಲಾದರೆ ಅದೂ ಕೊಂಚ ಜರುಗುವುದುಂಟು. ಪುಲಿಯ ಗುರುತು ಸುಳ್ಳು ಎಂದು ಗೊತ್ತಾಗಿದ್ದರೆ ಬೆಳಕನ್ನು ನಿಮ್ಮ ಪೇಂಟ್ ಗೆರೆಗೆ ಹಿಡಿಯಿರಿ.

ಸ್ವಲ್ಪ ದೂರ ಓಡಿದ ಮೇಲೆ ಟೆನ್ಷನ್ ಮತ್ತೆ ಹೊಂದಿಸಲು ಕೆಲವು ಮ್ಯಾನುಯಲ್‌ಗಳು ಹೇಳುತ್ತವೆ. ವೋಲ್ವೋ 240ರ ಕವರಿನಲ್ಲಿ ಇದಕ್ಕೆಂದೇ ರಬ್ಬರ್ ಬಿರಡೆ ಹಾಕಿದ ತೂತು ಇದೆ. ನಿಮ್ಮ ಮ್ಯಾನುಯಲ್‌ನಲ್ಲಿ ಹಾಗಿದ್ದರೆ ಬಿಡದೆ ಮಾಡಿ. ಬೆಲ್ಟ್ ಹಾಕಿದ ತಾರೀಖು, ಆಗಿನ ಕಿಲೋಮೀಟರ್ ಎರಡನ್ನೂ ಕವರಿನ ಮೇಲೆ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಹಳೇ ಬೆಲ್ಟನ್ನು "ದಾರಿಯಲ್ಲಿ ಬೇಕಾದರೆ ಇರಲಿ" ಎಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಬೇಡ, ಕತ್ತರಿಸಿ ಬಿಸಾಡಿ.